ಸಂಸ್ಥಾವಿನ್ಯಾಸದ ಮೊದಲ ಪಾಠ: ಹುಬ್ಬಳ್ಳಿ-ಧಾರವಾಡದ ನಿದರ್ಶನದೊಡನೆ

ಒಂದು ಸಂಸ್ಥೆಯು ಯಾವ ಕಾರ್ಯಗಳನ್ನು ನಡೆಸುತ್ತದೆ, ಅವುಗಳಿಗೆ ಬೇಕಾದ ಮಾಹಿತಿಯು ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ, ಆ ಮಾಹಿತಿಯನ್ನು ಸಂಸ್ಕರಿಸುವ ತಂತ್ರಾಂಶಗಳಾವುವು, ಅವುಗಳನ್ನು ಹೊತ್ತಿರುವ ಯಂತ್ರಸಾಧನಗಳಾವುವು, ಈ ನಾಲ್ಕನ್ನೂ ಪರಸ್ಪರ ಸಂಬಂಧದಲ್ಲಿಟ್ಟು ನಿರೂಪಿಸುವ ವಿದ್ಯೆಗೆ 'ಎಂಟರ್‌ಪ್ರೈಸ್ ಆರ್ಕಿಟೆಕ್ಚರ್' ಎಂದು ಹೆಸರು. ಪ್ರಕೃತ ಲೇಖನದಲ್ಲಿ ಇದನ್ನು 'ಸಂಸ್ಥಾವಿನ್ಯಾಸ' ಎಂದು ಕರೆಯಲಾಗಿದೆ. ಇದನ್ನು ಕಲಿಯಲು ತೊಡಗಿದವರು ಯಂತ್ರಗಳಿಂದಲೋ ಚೌಕಟ್ಟುಗಳ ಹೆಸರುಗಳಿಂದಲೋ ಆರಂಭಿಸುವುದುಂಟು. ಆದರೆ ಇದರ ಮೊದಲ ಪಾಠವಿರುವುದು ವಸ್ತುಗಳ ಹೆಸರು ಹಾಗೂ ಹೊಣೆಗಳ ನಿರ್ಣಯದಲ್ಲಿ. ಅದನ್ನು ನಮ್ಮ ಅವಳಿ ನಗರದ ನಿದರ್ಶನದಿಂದ ತೋರಿಸುವುದೇ ಇಲ್ಲಿಯ ಉದ್ದೇಶ.

1. ವಿದ್ಯೆಯ ಹುಟ್ಟು

1987ರಲ್ಲಿ ಜಾನ್ ಝಾಕ್‌ಮನ್ ಎಂಬವರು ಐ.ಬಿ.ಎಂ. ಸಂಸ್ಥೆಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ವಿಚಾರಕ್ಕೆ ತಳಹದಿಯಾಯಿತು. ಮನೆ ಕಟ್ಟಿಸುವ ಒಡೆಯ, ನಕ್ಷೆ ಬರೆಯುವ ಶಿಲ್ಪಿ, ಕಟ್ಟುವ ಗುತ್ತಿಗೆದಾರ ಈ ಮೂವರಿಗೂ ಒಂದೇ ಮನೆಯ ಬೇರೆ ಬೇರೆ ಚಿತ್ರಗಳು ಬೇಕಾಗುತ್ತವೆ. ಸಂಸ್ಥೆಯ ವಿಷಯದಲ್ಲಿಯೂ ಹಾಗೆಯೇ ಎಂಬುದು ಅವರ ವಾದದ ತಿರುಳು. 1995ರಲ್ಲಿ 'ಟೋಗಾಫ್' ಚೌಕಟ್ಟು ಮೊದಲ ರೂಪವನ್ನು ತಳೆಯಿತು. 2018ರಲ್ಲಿ ಭಾರತ ಸರ್ಕಾರವೂ ಆಡಳಿತಾಂಗಗಳ ಉಪಯೋಗಕ್ಕಾಗಿ 'ಇಂಡ್-ಇಎ' ಎಂಬ ಚೌಕಟ್ಟನ್ನು ಹೊರಡಿಸಿತು.

2. ಒಂದು ಮನೆ, ಹಲವು ಸಂಖ್ಯೆಗಳು

ಸುಮಾರು 20 ಕಿಲೋಮೀಟರು ಅಂತರದಲ್ಲಿರುವ ಎರಡು ಊರುಗಳ ಪೌರಾಡಳಿತಗಳು 1962ರಲ್ಲಿ ಒಂದುಗೂಡಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಾಯಿತು. ಈ ನಗರದ ಒಂದು ಸಾಮಾನ್ಯ ಮನೆಯನ್ನು ತೆಗೆದುಕೊಳ್ಳೋಣ. ನಗರ ಭೂಮಾಪನ ಕಚೇರಿಯಲ್ಲಿ ಅದಕ್ಕೆ ಸಿ.ಟಿ.ಎಸ್. ಸಂಖ್ಯೆಯಿದೆ, ಪಾಲಿಕೆಯ ತೆರಿಗೆ ವಿಭಾಗದಲ್ಲಿ ಪಿ.ಐ.ಡಿ. ಸಂಖ್ಯೆ, 2002ರಲ್ಲಿ ಸ್ಥಾಪಿತವಾದ ಹೆಸ್ಕಾಂನಲ್ಲಿ ಆರ್.ಆರ್. ಸಂಖ್ಯೆ, ನಳದ ಸಂಪರ್ಕಕ್ಕೆ ಮತ್ತೊಂದು, ನೋಂದಣಿ ಕಚೇರಿಯ ಖರೀದಿ ಪತ್ರಕ್ಕೆ ಇನ್ನೊಂದು.

ಇವೆಲ್ಲವನ್ನೂ ರದ್ದುಪಡಿಸಿ ಒಂದೇ ಸಂಖ್ಯೆಯನ್ನು ಕೊಟ್ಟರೆ ತೊಡಕು ಪರಿಹಾರವಾಗುವುದೆಂದು ತೋರಬಹುದು. ಆದರೆ ಭೂಮಾಪಕನ ದೃಷ್ಟಿಗೆ ಸ್ವತ್ತೆಂದರೆ ನಿವೇಶನ, ತೆರಿಗೆಯವನಿಗೆ ಕಟ್ಟಡ, ವಿದ್ಯುತ್ ಕಂಪನಿಗೆ ಮೀಟರು. ಒಂದು ನಿವೇಶನದಲ್ಲಿ ನಾಲ್ಕು ಮೀಟರುಗಳಿರಬಹುದು. ಅವುಗಳಲ್ಲಿ ಒಂದು ಬಾಡಿಗೆದಾರನ ಹೆಸರಿನಲ್ಲಿಯೂ ಮತ್ತೊಂದು ಗತಿಸಿದ ಅಜ್ಜನ ಹೆಸರಿನಲ್ಲಿಯೂ ಇರಬಹುದು. ಆದುದರಿಂದ ಈ ಸಂಖ್ಯೆಗಳಲ್ಲಿ ಯಾವುದೂ ತಪ್ಪಲ್ಲ. ತಮ್ಮ ತಮ್ಮ ಪ್ರಯೋಜನಕ್ಕೆ ಎಲ್ಲವೂ ಸರಿಯೇ. ಕೊರತೆಯಿರುವುದು ಅವುಗಳ ನಡುವಣ ಸಂಬಂಧದ ದಾಖಲೆಯಲ್ಲಿ. ಆ ಕೊರತೆಯನ್ನು ತುಂಬುವವನು ಕೈಯಲ್ಲಿ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ನಡೆಯುವ ನಾಗರಿಕನೇ ಆಗಿದ್ದಾನೆ.

3. ರಚನೆಯ ಕ್ರಮ

ಅಭ್ಯಾಸಿಯು ಇಡೀ ಸಂಸ್ಥೆಯನ್ನು ಒಮ್ಮೆಲೇ ಚಿತ್ರಿಸಹೋಗಬಾರದು. ಒಂದೇ ಕಾರ್ಯವನ್ನು, ಉದಾಹರಣೆಗೆ ಖಾತೆ ಬದಲಾವಣೆಯನ್ನು, ಆರಿಸಿಕೊಂಡು ಅರ್ಜಿಯು ಹೋಗುವ ದಾರಿಯಲ್ಲಿ ತಾನೂ ಹೋಗಬೇಕು. ಯಾವ ಮೇಜಿನ ಬಳಿ ಏನನ್ನು ಬರೆಯಲಾಗುತ್ತದೆ, ಒಮ್ಮೆ ಬರೆದುದನ್ನು ಎಲ್ಲಿ ಮತ್ತೊಮ್ಮೆ ಬರೆಯಲಾಗುತ್ತದೆ ಎಂಬುದನ್ನು ಗುರುತಿಸಬೇಕು. ಎರಡನೆಯದಾಗಿ ಒಂದು ಪದಕೋಶವನ್ನು ಸಿದ್ಧಪಡಿಸಬೇಕು: 'ಸ್ವತ್ತು', 'ಮಾಲೀಕ', 'ಬಾಕಿ' ಎಂಬ ಪದಗಳಿಗೆ ಯಾವ ವಿಭಾಗದಲ್ಲಿ ಯಾವ ಅರ್ಥವಿದೆ, ಆ ಮಾಹಿತಿಯನ್ನು ತಿದ್ದುವ ಅಧಿಕಾರ ಯಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಮೂರನೆಯದಾಗಿ ಇಂದಿನ ಸ್ಥಿತಿಯ ಚಿತ್ರ, ಮುಂದೆ ಬೇಕಾದ ಸ್ಥಿತಿಯ ಚಿತ್ರ, ಇವೆರಡರ ನಡುವಣ ಮೆಟ್ಟಿಲುಗಳು. ಕಡೆಯದಾಗಿ, ಹೊಸ ತಂತ್ರಾಂಶವನ್ನು ಕೊಳ್ಳುವ ಮುನ್ನ ಅದು ಈ ಚಿತ್ರಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸುವ ಒಂದು ಸಮಿತಿ. ಈ ಕಡೆಯ ಅಂಗವಿಲ್ಲದಿದ್ದರೆ ಮಿಕ್ಕೆಲ್ಲವೂ ಕಪಾಟಿನ ಅಲಂಕಾರವಾಗಿ ಉಳಿಯುತ್ತದೆ.

4. ಕೂಡುವಿಕೆ ಮತ್ತು ಬೇರ್ಪಡೆ

ಸಂಸ್ಥಾವಿನ್ಯಾಸದ ಬೆಲೆ ಪೂರ್ಣವಾಗಿ ಕಾಣುವುದು ಸಂಸ್ಥೆಯ ಆಕಾರವೇ ಬದಲಾಗುವಾಗ. ಧಾರವಾಡದಲ್ಲಿ ಪ್ರಧಾನ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಎಂಬ ನಾಲ್ಕು ಗ್ರಾಮೀಣ ಬ್ಯಾಂಕುಗಳ ಕೂಡುವಿಕೆಯಿಂದ ರೂಪುಗೊಂಡಿತ್ತು. 2025ರ ಮೇ 1ರಂದು ಅದೂ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಇಂತಹ ಕೂಡುವಿಕೆಯಲ್ಲಿ ಫಲಕವನ್ನು ಬದಲಿಸುವುದು ಒಂದು ದಿನದ ಕೆಲಸ; 'ಗ್ರಾಹಕ', 'ಸಾಲ', 'ಶಾಖೆ' ಎಂಬ ಪದಗಳನ್ನು ಎಲ್ಲ ಲೆಕ್ಕಪುಸ್ತಕಗಳಲ್ಲಿಯೂ ಒಂದೇ ಅರ್ಥಕ್ಕೆ ತರುವುದು ದೀರ್ಘಶ್ರಮ.

ಬೇರ್ಪಡೆ ಇನ್ನೂ ಕಠಿಣವಾದುದು. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ರಚಿಸಲು ಒಪ್ಪಿಗೆಯಿತ್ತಿತು. 82 ವಾರ್ಡುಗಳ ನಕ್ಷೆಯ ಮೇಲೆ ಗೆರೆಯೆಳೆಯುವುದು ಸುಲಭ. ಆದರೆ ಸವದತ್ತಿಯ ಜಲಾಶಯದಿಂದ ಬರುವ ಮಲಪ್ರಭೆಯ ನೀರು ಎರಡೂ ಊರುಗಳಿಗೆ ಸಲ್ಲತಕ್ಕದ್ದು. ತ್ವರಿತ ಬಸ್ ಮಾರ್ಗವೂ ಎರಡಕ್ಕೂ ಸೇರಿದುದು. ನೌಕರರ ಸೇವಾ ಪುಸ್ತಕ, ಗುತ್ತಿಗೆಗಳ ಕರಾರು, ತೆರಿಗೆಯ ಬಾಕಿ, ನಿವೃತ್ತರ ವೇತನ ಇವುಗಳಲ್ಲಿ ಯಾವುದು ಯಾವ ಪಾಲಿಗೆ? ಪ್ರತಿಯೊಂದು ದಾಖಲೆಗೂ ಅದು ಯಾವ ಸ್ಥಳಕ್ಕೆ, ಯಾವ ಕಾರ್ಯಕ್ಕೆ, ಯಾರ ಹೊಣೆಗೆ ಸೇರಿದುದೆಂಬ ಗುರುತು ಮೊದಲೇ ಇದ್ದರೆ ಹಂಚಿಕೆಯು ಕೆಲವು ನಿಯಮಗಳ ಅನ್ವಯ ಮಾತ್ರವಾಗುತ್ತದೆ. ಇಲ್ಲದಿದ್ದರೆ ಒಂದೊಂದು ಕಡತವನ್ನೂ ಬಿಚ್ಚಿ ವಿವಾದ ಬಗೆಹರಿಸಬೇಕಾಗುತ್ತದೆ, ಆ ಅವಧಿಯಲ್ಲಿ ಪಿಂಚಣಿದಾರನು ಎರಡು ಊರುಗಳ ನಡುವೆ ಅಲೆಯಬೇಕಾಗುತ್ತದೆ.

ಸಾರಾಂಶವಿಷ್ಟು: ಯಂತ್ರಗಳು ಹತ್ತು ವರ್ಷಗಳಲ್ಲಿ ಹಳತಾಗುತ್ತವೆ, ಸಂಸ್ಥೆಗಳೂ ಕೂಡುತ್ತವೆ, ಒಡೆಯುತ್ತವೆ, ಆದರೆ ಮನೆ, ಮಾಲೀಕ, ನೀರು, ವೇತನ ಎಂಬ ಮೂಲವಸ್ತುಗಳು ಉಳಿಯುತ್ತವೆ. ಇವುಗಳ ಹೆಸರನ್ನೂ ಹೊಣೆಯನ್ನೂ ನಿಶ್ಚಯಿಸಿ ಬರೆದಿಡುವುದೇ ಸಂಸ್ಥಾವಿನ್ಯಾಸದ ಅಡಿಗಲ್ಲು. ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಪ್ರವೇಶಪತ್ರ ಒಂದರ ದಾರಿಯನ್ನು ಹಿಡಿದೇ ಈ ಅಭ್ಯಾಸವನ್ನು ಆರಂಭಿಸಬಹುದು. ಅದಕ್ಕೆ ಗಣಕಯಂತ್ರವೂ ಬೇಕಾಗಿಲ್ಲ, ಒಂದು ಹಾಳೆ ಮತ್ತು ಒಂದು ಪೆನ್ಸಿಲು ಸಾಕು.