ತೂಕ ಇಳಿಸುವ ಆಪರೇಷನ್: ಒಂದು ದಿನದ ಕೆಲಸ, ಜೀವನಪೂರ್ತಿ ಜವಾಬ್ದಾರಿ



ಗಂಗಾವತಿ ಕಡೆಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿದು ಸಾಲದ ಅರ್ಜಿ ಓದುವ ಹೊತ್ತಿಗೆ ಒಬ್ಬ ತಾಯಿ ತಡೆದು ತಡೆದು ಕೇಳಿದರು: "ಸಿಸ್ಟರ್, ನನ್ನ ಮಗಳಿಗೆ ತೂಕ ಇಳಿಸೋ ಆಪರೇಷನ್ ಮಾಡಸಬೇಕಂತ ಮಾಡೀವ್ರಿ. ಸಂಘದಾಗ ಸಾಲ ಸಿಗತೈತೇನ್ರಿ?" ನಾಲ್ಕು ಜನ ನಕ್ಕರು. "ಊಟ ಕಮ್ಮಿ ಮಾಡಿದ್ರ ಆತಲ್ಲ, ಅದಕ್ಯಾಕ ಆಪರೇಷನ್ನು?" ಎಂದರು ಒಬ್ಬರು.

ಮೂಲೆಯಲ್ಲಿ ಕುಳಿತಿದ್ದ ಇನ್ನೊಬ್ಬ ಸದಸ್ಯೆ ಮಾತ್ರ ನಗಲಿಲ್ಲ. "ನಮ್ಮ ತಂಗಿಗೆ ಆಗೈತ್ರಿ. ಆರು ವರ್ಷ ಆತು. ತೂಕ ಇಳೀತು, ಸಕ್ಕರೆನೂ ಇಳೀತು. ಆದ್ರ ಆಮ್ಯಾಲೆ ಏನು ಮಾಡಬೇಕಂತ ನಮಗ ತಿಳೀಲಿಲ್ರಿ" ಎಂದರು. ಆ ತಂಗಿ ಎರಡು ವರ್ಷ ಗುಳಿಗೆ ನುಂಗಿ, "ಈಗ ಆರಾಮಾಗೀನಲ್ಲ" ಎಂದು ಬಿಟ್ಟಿದ್ದರು. ಮುಂದೆ ಪಾದ ಜೋಮು ಹಿಡಿಯತೊಡಗಿತು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ನರದ ದೌರ್ಬಲ್ಯ ಎಂದು ಊರಲ್ಲಿ ಟಾನಿಕ್ ಕುಡಿಸಿದರು. ಹೊಟ್ಟೆಯ ಆಪರೇಷನ್ ಆದದ್ದನ್ನು ನಾಚಿಕೆಯಿಂದ ಡಾಕ್ಟರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ರಕ್ತ ಪರೀಕ್ಷೆಯಾಯಿತು. ಕಬ್ಬಿಣಾಂಶ ಮತ್ತು ಬಿ-12 ಎರಡೂ ತೀರಾ ಕಡಿಮೆ! ಇಂಜೆಕ್ಷನ್ ಶುರುವಾದ ಮೇಲೆ ನಿಧಾನಕ್ಕೆ ಸುಧಾರಿಸಿಕೊಂಡರು.

ಈ ಆಪರೇಷನ್ನಿನ ಬಗ್ಗೆ ಜಾಹೀರಾತು ಬಹಳ ಬರುತ್ತವೆ. ಐದು-ಹತ್ತು ವರ್ಷದ ಮೇಲೆ ಬದುಕು ಹೇಗಿರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಆದ್ದರಿಂದ ಈ ಸಲ ಅದನ್ನೇ ತಿಳಿದುಕೊಳ್ಳೋಣ.

ಇದು ಎಂಥ ಆಪರೇಷನ್?

ನಾವು ಉಂಡದ್ದು ಮೊದಲು ಹೋಗಿ ಬೀಳುವ ಚೀಲಕ್ಕೆ ಜಠರ ಎನ್ನುತ್ತಾರೆ. ಇಂದು ಹೆಚ್ಚಾಗಿ ಮಾಡುವ ವಿಧಾನಗಳು ಎರಡು. ಒಂದು 'ಸ್ಲೀವ್'. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುತ್ತಾರೆ. ತೆಗೆದದ್ದು ಮತ್ತೆ ಬರುವುದಿಲ್ಲ. ಇನ್ನೊಂದು 'ಬೈಪಾಸ್'. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಕೋಳಿಮೊಟ್ಟೆ ಗಾತ್ರದ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ.

ನಮ್ಮ ಎಡದಂಡೆ ಕಾಲುವೆಯ ಲೆಕ್ಕದಲ್ಲಿ ಹೇಳುವುದಾದರೆ, ಮೇಲ್ಭಾಗದ ಹೊಲಗಳಿಗೆ ನೀರು ಬಿಡದೆ ಸೀದಾ ಕೆಳಗೆ ಹರಿಸಿದ ಹಾಗೆ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳುವುದು ಆ ಮೇಲ್ಭಾಗದ ಕರುಳಿನಲ್ಲಿಯೇ. ಬಿ-12 ಮೈಗೆ ಹತ್ತಲು ಜಠರದ ರಸ ಬೇಕು. ಹೀಗಾಗಿ ಆಪರೇಷನ್ ಆದವರು ಎಷ್ಟೇ ಒಳ್ಳೆಯ ಊಟ ಮಾಡಿದರೂ ಕೊರತೆ ಬರುತ್ತದೆ. ಇದು ಅವರ ತಪ್ಪಲ್ಲ.

ಕೊಬ್ಬು ಹೀರಿ ತೆಗೆಯುವ ಆಪರೇಷನ್ ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡ ಸುದ್ದಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದು ಅಂದಕ್ಕಾಗಿ ಮಾಡಿಸುವಂಥದ್ದು. ಅದರಿಂದ ಸಕ್ಕರೆ ಕಾಯಿಲೆ ಗುಣವಾಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಯಾರಿಗೆ ಬೇಕು?

"ನಮ್ಮ ಕಡೆ ಉಪವಾಸ ಇರೋರೇ ಹೆಚ್ಚು, ದಪ್ಪ ಇರೋರು ಎಲ್ಲಿ?" ಎಂದು ಕೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಪ್ರತಿ 100 ಮಹಿಳೆಯರಲ್ಲಿ ಸುಮಾರು 30 ಜನರ ತೂಕ ಮಿತಿಗಿಂತ ಹೆಚ್ಚು. ಅದೇ ವಯಸ್ಸಿನ 100ರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ. ಮೈ ದಪ್ಪವಿದ್ದರೂ ರಕ್ತ ಕಡಿಮೆ ಇರಬಹುದು. ಮೊದಲೇ ರಕ್ತ ಕಡಿಮೆ ಇರುವ ಹೆಣ್ಣುಮಗಳಿಗೆ ಈ ಆಪರೇಷನ್ ಆದರೆ ಎಚ್ಚರ ದುಪ್ಪಟ್ಟು ಬೇಕು.

ಡಾಕ್ಟರು ಒಂದು ಲೆಕ್ಕ ಹಾಕುತ್ತಾರೆ. ಅದಕ್ಕೆ ಬಿಎಂಐ ಎನ್ನುತ್ತಾರೆ. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕು. ಎತ್ತರ ಒಂದೂವರೆ ಮೀಟರ್, ತೂಕ 80 ಕಿಲೋ ಇದ್ದರೆ ಬಿಎಂಐ 35ಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟಿದ್ದು ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ, ನಿದ್ದೆಯಲ್ಲಿ ಉಸಿರು ಕಟ್ಟುವುದೋ ಇದ್ದರೆ ಆಪರೇಷನ್ನಿನ ಮಾತು ಬರುತ್ತದೆ. ನಮ್ಮ ದೇಶದವರಿಗೆ ಇದಕ್ಕಿಂತ ಕಡಿಮೆ ಬಿಎಂಐನಲ್ಲೂ ಸಕ್ಕರೆ ಕಾಯಿಲೆ ಬರುವುದರಿಂದ, ಕೆಲವರಿಗೆ ಡಾಕ್ಟರು ಮೊದಲೇ ಸಲಹೆ ಕೊಡುವುದುಂಟು. ಅಂಥವರಿಗೆ "ಬಾಯಿ ಕಟ್ಟು" ಎಂದು ಹಂಗಿಸುವುದು ಸರಿಯಲ್ಲ. ಅತಿಯಾದ ಬೊಜ್ಜು ಒಂದು ಕಾಯಿಲೆ. ಎಷ್ಟೋ ಜನ ವರ್ಷಗಟ್ಟಲೆ ಪಥ್ಯ ಮಾಡಿ ಸೋತು ಇಲ್ಲಿಗೆ ಬಂದಿರುತ್ತಾರೆ.

ವರ್ಷಗಳು ಕಳೆದಂತೆ ಏನಾಗುತ್ತದೆ?

ಮೊದಲ ಒಂದು-ಒಂದೂವರೆ ವರ್ಷ ತೂಕ ಬೇಗ ಇಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುತ್ತದೆ. ಊಟದಲ್ಲಿ ಸತ್ವವಿದ್ದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಚರ್ಮ ಜೋಲುತ್ತದೆ. ನಮ್ಮ ಬೇಸಿಗೆಯ ಬೆವರಿಗೆ ಆ ಮಡಿಕೆಗಳಲ್ಲಿ ತುರಿಕೆ, ಹುಣ್ಣು ಆಗುತ್ತವೆ. ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿಕೊಳ್ಳಬೇಕು.

ಆಮೇಲೆ ಇಳಿಕೆ ನಿಲ್ಲುತ್ತದೆ. ಎರಡು-ಮೂರು ವರ್ಷದ ಮೇಲೆ ಹಲವರಿಗೆ ಸ್ವಲ್ಪ ತೂಕ ಮರಳಿ ಬರುತ್ತದೆ. ಸ್ವೀಡನ್ ದೇಶದಲ್ಲಿ 1987ರಿಂದ ಆಪರೇಷನ್ ಆದ ಸುಮಾರು 2,000 ಜನರನ್ನು, ಆಗದ ಅಷ್ಟೇ ಜನರ ಜೊತೆ ಹೋಲಿಸಿ ನೋಡುತ್ತ ಬಂದರು. 20 ವರ್ಷದ ಮೇಲೆ ಆಪರೇಷನ್ ಆದವರ ತೂಕ ಸರಾಸರಿ 100ಕ್ಕೆ 18ರಷ್ಟು ಕಡಿಮೆ ಉಳಿದಿತ್ತು. ಅಂದರೆ 100 ಕಿಲೋ ಇದ್ದವರು 82ರ ಆಸುಪಾಸು. ಅವರಲ್ಲಿ ಹೆಚ್ಚಿನವರಿಗೆ ಆದದ್ದು ಹಳೆಯ ವಿಧಾನ. ಬೈಪಾಸ್ ಆದವರಲ್ಲಿ ಇಳಿಕೆ ಇನ್ನಷ್ಟು ಉಳಿದಿತ್ತು.

ಸಕ್ಕರೆ ಕಾಯಿಲೆಯ ಲೆಕ್ಕ ಇನ್ನೂ ಮುಖ್ಯ. ಕಾಯಿಲೆ ಇದ್ದ 100 ಜನರಲ್ಲಿ 72 ಜನರಿಗೆ ಎರಡು ವರ್ಷದ ಹೊತ್ತಿಗೆ ಅದು ಮಾಯವಾಗಿತ್ತು. ಹತ್ತು ವರ್ಷದ ಹೊತ್ತಿಗೆ ಹಾಗೆ ಉಳಿದವರು 36 ಜನ. ಲಾಭ ನಿಜ. ಆದರೆ "ನನಗ ಸಕ್ಕರೆ ಹೋಗಿಬಿಟ್ಟೈತಿ" ಎಂದು ಪರೀಕ್ಷೆ ನಿಲ್ಲಿಸಿದವರಿಗೆ ಅದು ಹೇಳದೆ ಕೇಳದೆ ಮರಳಿ ಬರುತ್ತದೆ. ಅದೇ ಅಧ್ಯಯನದ 2020ರ ವರದಿಯಲ್ಲಿ ಆಪರೇಷನ್ ಆದವರು, ಆಗದ ಬೊಜ್ಜಿನವರಿಗಿಂತ ಸುಮಾರು ಮೂರು ವರ್ಷ ಹೆಚ್ಚು ಬಾಳಿದ್ದು ಕಂಡುಬಂತು.

ತೂಕ ಮರಳಿತೆಂದು ನಾಚಿ ಮನೆಯಲ್ಲಿ ಕೂಡಬೇಡಿ. ಅದೇ ಡಾಕ್ಟರ ಹತ್ತಿರ ಮತ್ತೆ ಹೋಗಿ. ಬೇಗ ಹೋದರೆ ದಾರಿ ಇದೆ.

ಗುಳಿಗೆ ಬಿಡಬೇಡಿ

ನಮ್ಮ ಯಕೃತ್ತಿನಲ್ಲಿ ಬಿ-12 ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ. ಹಗೇವಿನ ಜೋಳದ ಹಾಗೆ. ಅದು ತೀರುವವರೆಗೂ ಏನೂ ಗೊತ್ತಾಗುವುದಿಲ್ಲ. ತೀರಿದ ಮೇಲೆ ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೂರಾಟ. ತಡವಾದರೆ ನರಗಳಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗದೆ ಉಳಿಯಬಹುದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಬಿಟ್ಟರೆ ನಮ್ಮ ಊಟದಲ್ಲಿ ಬಿ-12 ಬೇರೆಲ್ಲಿಯೂ ಇಲ್ಲ. ಕಾಯಿಪಲ್ಯೆ ಮಾತ್ರ ತಿನ್ನುವವರು ಇನ್ನೂ ಎಚ್ಚರ ವಹಿಸಬೇಕು.

- ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್, ಬಿ-12: ಡಾಕ್ಟರು ಬರೆದುಕೊಟ್ಟದ್ದನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು.
- ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ ನುಂಗಬಾರದು. ನಡುವೆ ಎರಡು ತಾಸು ಬಿಡಿ. ಕಬ್ಬಿಣದ ಗುಳಿಗೆಯ ಜೊತೆ ಚಹಾ ಬೇಡ.
- ವರ್ಷಕ್ಕೆ ಒಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಮತ್ತು ಬಿಪಿಯನ್ನು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ನೋಡಿಸಬಹುದು.
- ಮೈಕೈ ನೋವಿಗೆ ಕಿರಾಣಿ ಅಂಗಡಿಯ ನೋವಿನ ಗುಳಿಗೆ ಬೇಡ. ಅದರಲ್ಲೂ ಬೈಪಾಸ್ ಆದವರಿಗೆ ಬ್ರೂಫೆನ್, ಡೈಕ್ಲೋಫೆನಾಕ್ ಜಾತಿಯ ಗುಳಿಗೆಗಳಿಂದ ಒಳಗೆ ಹುಣ್ಣಾಗಿ ರಕ್ತ ಒಸರಬಹುದು. ತಂಬಾಕು, ಬೀಡಿಯೂ ಬೇಡ.

ತಾಟಿನಲ್ಲಿ ಏನಿರಬೇಕು?

ಆಪರೇಷನ್ ಆದವರ ಊಟ ಸ್ವಲ್ಪವೇ. ಆ ಸ್ವಲ್ಪದಲ್ಲೇ ಸತ್ವ ಇರಬೇಕು. ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದದ್ದು ಇದೆ. ಮೊದಲು ಹೆಸರುಕಾಳು, ಮಡಕಿಕಾಳಿನ ಪಲ್ಯೆ, ಮೊಟ್ಟೆ, ಗಟ್ಟಿ ಮೊಸರು ತಿನ್ನಬೇಕು. ಆಮೇಲೆ ಸೊಪ್ಪು. ಕೊನೆಗೆ ಜಾಗವಿದ್ದರೆ ಅರ್ಧ ರೊಟ್ಟಿಯೋ ಎರಡು ತುತ್ತು ಅನ್ನವೋ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಆದ್ದರಿಂದ ಪ್ರತಿ ಊಟದಲ್ಲೂ ಕಾಳು-ಬೇಳೆ ತಪ್ಪಬಾರದು.

ಚೆನ್ನಾಗಿ ಅಗಿದು, ಅರ್ಧ ತಾಸು ಕುಳಿತು ಉಣ್ಣಬೇಕು. ಊಟದ ಜೊತೆ ನೀರು ಬೇಡ. ಅರ್ಧ ತಾಸು ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಕಳೆ ತೆಗೆಯಲು ಹೋಗುವವರು ನೀರಿನ ಬಾಟಲಿ ಜೊತೆಗಿಟ್ಟುಕೊಳ್ಳಿ.

ಸಿಹಿ ತಿಂದರೆ, ಅದರಲ್ಲೂ ಬೈಪಾಸ್ ಆದವರಿಗೆ, ಸ್ವಲ್ಪ ಹೊತ್ತಿನಲ್ಲೇ ಎದೆ ಡವಗುಟ್ಟಿ, ಬೆವರಿ, ತಲೆ ಸುತ್ತಿ, ಭೇದಿಯೂ ಆಗಬಹುದು. ಸಕ್ಕರೆ ಕರುಳಿಗೆ ಒಮ್ಮೆಲೇ ಇಳಿಯುವುದೇ ಇದಕ್ಕೆ ಕಾರಣ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಯಾರಾದರೂ "ಮಾದಲಿ ಸಾಕ್ರಿ" ಎಂದರೆ ಒತ್ತಾಯ ಮಾಡಿ ಬಡಿಸಬೇಡಿ. ಅವರು ಬಿಂಕ ಮಾಡುತ್ತಿಲ್ಲ.

ಈ ಲಕ್ಷಣಗಳಿದ್ದರೆ ಅದೇ ದಿನ ಆಸ್ಪತ್ರೆಗೆ

- ತಡೆಯಲಾರದ ಹೊಟ್ಟೆನೋವು. ಬೈಪಾಸ್ ಆದವರಲ್ಲಿ ವರ್ಷಗಳ ಮೇಲೂ ಕರುಳು ಒಳಗೇ ಸಿಕ್ಕಿಕೊಳ್ಳಬಹುದು. ಪಿತ್ತಕೋಶದಲ್ಲಿ ಕಲ್ಲಾಗಿಯೂ ನೋವು ಬರಬಹುದು.
- ನಿಲ್ಲದ ವಾಂತಿ. ಅದರ ಜೊತೆ ಕಣ್ಣು ಮಂಜಾದರೆ ಅಥವಾ ನಡಿಗೆ ತಪ್ಪಿದರೆ ಒಂದು ಗಳಿಗೆಯೂ ಕಾಯಬೇಡಿ.
- ಕಪ್ಪು ಮಲ, ರಕ್ತ ವಾಂತಿ.

ಹೋದ ಕೂಡಲೇ ಮೊದಲ ಮಾತು: "ನನಗೆ ತೂಕ ಇಳಿಸುವ ಆಪರೇಷನ್ ಆಗಿದೆ." ಡಿಸ್ಚಾರ್ಜ್ ಕಾಗದದ ಝೆರಾಕ್ಸ್ ಪ್ರತಿಯನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ಹರೆಯದ ಹೆಣ್ಣುಮಕ್ಕಳಿಗೆ

ತೂಕ ಇಳಿದಂತೆ ಮುಟ್ಟು ಸರಿಯಾಗಿ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಮೊದಲ ಒಂದು-ಒಂದೂವರೆ ವರ್ಷ ಗರ್ಭ ಧರಿಸಬಾರದು. ಆಗ ತಾಯಿಯ ಮೈಯಲ್ಲೇ ಸತ್ವ ಇರುವುದಿಲ್ಲ. ಬೈಪಾಸ್ ಆದವರಿಗೆ ನುಂಗುವ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹತ್ತದಿರಬಹುದು. ಬೇರೆ ವಿಧಾನವನ್ನು ಕೇಳಿ. ಮುಂದೆ ಬಸುರಿಯಾದಾಗ ಆಶಾ ಕಾರ್ಯಕರ್ತೆಗೂ ನರ್ಸಿಗೂ ಆಪರೇಷನ್ ವಿಷಯ ಹೇಳಿ. ಬಸುರಿಯರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಇವರಿಗೆ ಆಗಿಬರದೆ ಇರಬಹುದು. ಸಕ್ಕರೆಯನ್ನು ಬೇರೆ ರೀತಿ ನೋಡಬೇಕಾಗುತ್ತದೆ.

ಮನೆಯವರು, ನೆರೆಯವರು

"ಏನವ್ವಾ, ಏನು ರೋಗ ಬಂದೈತಿ ನಿನಗ, ಹಿಂಗ ಇಳದೀ?" ಎನ್ನುವವರು ಒಂದು ಕಡೆ. ಎರಡು ಕಿಲೋ ಹೆಚ್ಚಿದರೆ "ಲಕ್ಷ ರೂಪಾಯಿ ನೀರಾಗ ಹಾಕಿದಿ" ಎನ್ನುವವರು ಇನ್ನೊಂದು ಕಡೆ. ಇಂಥ ಮಾತಿಗೆ ಅಂಜಿಯೇ ಹೆಣ್ಣುಮಕ್ಕಳು ಮುಚ್ಚಿಡುತ್ತಾರೆ. 2011ರಲ್ಲಿ ಆಗ ಬಿಜೆಪಿ ರಾಷ್ಟ್ರೀಯ ಅಧ್ಯಕ್ಷರಾಗಿದ್ದ ನಿತಿನ್ ಗಡ್ಕರಿಯವರಿಗೆ ಮುಂಬಯಿಯಲ್ಲಿ ಈ ಆಪರೇಷನ್ ಆದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅವರಿಗಿಲ್ಲದ ನಾಚಿಕೆ ನಮ್ಮ ಹೆಣ್ಣುಮಕ್ಕಳಿಗೆ ಯಾಕೆ? ಅತ್ತೆ, ಗಂಡ, ಮಕ್ಕಳಿಗೆ ಗೊತ್ತಿದ್ದರೆ ಗುಳಿಗೆ ನೆನಪಿಸಲು ಒಬ್ಬರಾದರೂ ಇರುತ್ತಾರೆ. ಆಪರೇಷನ್ ಆದ ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಅದಕ್ಕೂ ಡಾಕ್ಟರಿದ್ದಾರೆ. ಗಂಡಸರಿಗೆ ಆಗಿದ್ದರೆ ಒಂದು ಮಾತು: ಮೊದಲಿಗಿಂತ ಕಡಿಮೆ ಕುಡಿದರೂ ಬೇಗ ನಶೆ ಏರುತ್ತದೆ, ಚಟವೂ ಬೇಗ ಹತ್ತುತ್ತದೆ.

ಸಾಲ ಮಾಡುವ ಮುನ್ನ

ಖಾಸಗಿ ಆಸ್ಪತ್ರೆಯಲ್ಲಿ ಇದಕ್ಕೆ ಲಕ್ಷಗಟ್ಟಲೆ ಖರ್ಚು. ಆರೋಗ್ಯ ವಿಮೆ ಇದ್ದವರಿಗೆ 2019ರ ವಿಮಾ ನಿಯಮದಂತೆ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35ರ ಮೇಲಿದ್ದು ತೀವ್ರ ಕಾಯಿಲೆಗಳಿದ್ದರೆ, ಡಾಕ್ಟರ ಸಲಹೆಯ ಮೇಲೆ ಪರಿಹಾರ ಕೇಳಲು ಅವಕಾಶವಿದೆ. ಸರ್ಕಾರಿ ಕಾರ್ಡ್ ಇದ್ದವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ಆಪರೇಷನ್ನಿನ ಬಿಲ್ಲು ಒಂದು ಸಲದ್ದು. ತಿಂಗಳ ಗುಳಿಗೆ, ವರ್ಷದ ಪರೀಕ್ಷೆ, ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿಬರುವ ಬಸ್ಸಿನ ಖರ್ಚು ಪ್ರತಿ ವರ್ಷದ್ದು. ಅದನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಆ ದಿನ ಸಂಘದವರು ಆ ತಾಯಿಯ ಅರ್ಜಿಯನ್ನು ತಳ್ಳಿಹಾಕಲಿಲ್ಲ. ಮೂರು ಪ್ರಶ್ನೆ ಬರೆದುಕೊಟ್ಟು, ಉತ್ತರ ತನ್ನಿ ಎಂದರು. ಮಗಳಿಗೆ ಆಪರೇಷನ್ ಬೇಕೇ ಬೇಕೆಂದು ಇನ್ನೊಬ್ಬ ಡಾಕ್ಟರೂ ಹೇಳಿದ್ದಾರೆಯೇ? ಆದ ಮೇಲೆ ಯಾರು, ಎಲ್ಲಿ, ಎಷ್ಟು ವರ್ಷ ನೋಡಿಕೊಳ್ಳುತ್ತಾರೆ? ಎಲ್ಲಕ್ಕಿಂತ ಮೊದಲು, ಆಪರೇಷನ್ ಬೇಕೆಂದವರು ಮಗಳೋ ಅಥವಾ ಅವಳ ಮೈ ನೋಡಿ ಹಂಗಿಸುವವರೋ? ಮೊದಲು ನಕ್ಕವರೇ ಈ ಮೂರನೆಯ ಪ್ರಶ್ನೆ ಬರೆಸಿದ್ದು.

ನಿಮ್ಮ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ, ಓಣಿಯಲ್ಲಿ ಈ ಆಪರೇಷನ್ ಆದವರು ಇದ್ದಾರೆಯೇ? ಗುಳಿಗೆ ಮತ್ತು ಪರೀಕ್ಷೆ ನಡೆಯುತ್ತಿವೆಯೇ?
2. ಇಂಥ ಸಾಲ ಕೇಳಿದಾಗ ನಾವು ಯಾವ ಪ್ರಶ್ನೆಗಳನ್ನು ಕೇಳಬೇಕು?
3. 30 ವರ್ಷ ದಾಟಿದ ನಮ್ಮಲ್ಲಿ ಎಷ್ಟು ಜನ ಈ ವರ್ಷ ಸಕ್ಕರೆ, ಬಿಪಿ ನೋಡಿಸಿದ್ದೇವೆ? ನೋಡಿಸದವರು ಮುಂದಿನ ಸಭೆಯೊಳಗೆ ಒಟ್ಟಿಗೆ ಹೋಗಿ ಬರೋಣವೇ?