ಗ್ರನಾಡಾ ನಗರದ ಅರಬ್ಬೀ ಸ್ನಾನಗೃಹ: ರಚನೆ ಮತ್ತು ಕಾಲವಿಚಾರ

ಸ್ಪೇನ್ ದೇಶದ ಗ್ರನಾಡಾ ನಗರದಲ್ಲಿ, ಅಲ್‌ಹಂಬ್ರಾ ಕೋಟೆಯ ಗುಡ್ಡದಡಿ ಹರಿಯುವ ದಾರ್ರೋ ಹೊಳೆಯ ಬಲದಂಡೆಯ ಮೇಲೆ ‘ಬಾನ್ಯುವೆಲೊ’ ಎಂಬ ಪುರಾತನ ಸ್ನಾನಗೃಹವೊಂದಿದೆ. ಈ ಹೆಸರಿಗೆ ಚಿಕ್ಕ ಸ್ನಾನಗೃಹವೆಂದರ್ಥ. ಅರಬ್ಬೀ ಕಾಲದಲ್ಲಿ ಇದನ್ನು ‘ಹಮ್ಮಾಮ್ ಅಲ್‌ಜೌಜ’, ಎಂದರೆ ಅಕ್ರೋಟು ಮರದ ಸ್ನಾನಗೃಹ, ಎಂದು ಕರೆಯುತ್ತಿದ್ದರು. ಇದರ ರಚನೆ ಸ್ಪಷ್ಟವಾಗಿದೆ. ಆದರೆ ಇದನ್ನು ಕಟ್ಟಿಸಿದವರಾರು, ಎಂದು ಕಟ್ಟಿಸಿದರು ಎಂಬುದು ಇಂದಿಗೂ ವಿವಾದಾಸ್ಪದವಾಗಿಯೇ ಉಳಿದಿದೆ.

ಹೊರಗಿನ ಕೊಠಡಿಯಲ್ಲಿ ಉಡುಪನ್ನು ಕಳಚಿಟ್ಟ ಸ್ನಾನಾರ್ಥಿಯು ಮೊದಲು ತಣ್ಣನೆಯ ಕೊಠಡಿಯನ್ನೂ, ಅಲ್ಲಿಂದ ಬೆಚ್ಚನೆಯ ಕೊಠಡಿಯನ್ನೂ, ಕಡೆಗೆ ಬಿಸಿ ಕೊಠಡಿಯನ್ನೂ ಹೊಗುತ್ತಿದ್ದನು. ಕ್ರಮವು ರೋಮನರದು, ಆದರೆ ಅವರ ವಿಶಾಲವಾದ ಕೊಳಗಳನ್ನು ಅರಬ್ಬರು ಕೈಬಿಟ್ಟರು. ಬಿಸಿ ಕೊಠಡಿಯ ಹಿಂದೆ ಒಲೆಯೂ ನೀರು ಕಾಯಿಸುವ ಹಂಡೆಯೂ ಇದ್ದವು. ಒಲೆಯ ಬಿಸಿಗಾಳಿಯು ನೆಲದ ಕೆಳಗಿನ ಟೊಳ್ಳಿನಲ್ಲಿ ಹಾಯ್ದು ನೆಲಹಾಸನ್ನು ಕಾಯಿಸುತ್ತಿತ್ತು.

ಇವುಗಳಲ್ಲಿ ಬೆಚ್ಚನೆಯ ಕೊಠಡಿಯೇ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಸುಂದರವಾದುದು. ಜನರು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಇಲ್ಲಿಯೇ ಆದಕಾರಣ ಈ ವೈಶಾಲ್ಯವು ಸಹಜವಾಗಿದೆ. ಚೌಕಾಕಾರದ ಈ ಕೊಠಡಿಯ ಮೂರು ಪಕ್ಕಗಳಲ್ಲಿ ಕಂಬಗಳ ಮೇಲೆ ಕುದುರೆಲಾಳದ ಆಕಾರದ ಕಮಾನುಗಳು ನಿಂತಿವೆ. ಗೋಡೆಗಳು ಗಟ್ಟಿಯಾದ ಗಾರೆಯವು, ಮೇಲ್ಛಾವಣಿಯು ಇಟ್ಟಿಗೆಯ ಕಮಾನುಕಟ್ಟು. ಅದರಲ್ಲಿ ನಕ್ಷತ್ರದ ಆಕಾರದಲ್ಲಿಯೂ ಎಂಟು ಮೂಲೆಯ ಆಕಾರದಲ್ಲಿಯೂ ಬೆಳಕಿಂಡಿಗಳನ್ನು ಕೊರೆದಿದ್ದಾರೆ. ಕಿಟಕಿಗಳಿಲ್ಲದೆ ಶಾಖವನ್ನು ಕಾಪಾಡಿಕೊಂಡೇ ಬೆಳಕನ್ನು ಪಡೆಯುವ ಈ ಉಪಾಯವು ಮೆಚ್ಚತಕ್ಕದ್ದು.

ಕಾಲನಿರ್ಣಯದ ತೊಡಕು ಆರಂಭವಾಗುವುದು ಈ ಕಂಬಗಳಿಂದಲೇ. ಇವುಗಳ ಬೋದಿಗೆಗಳು ಒಂದೇ ಬಗೆಯವಲ್ಲ. ಕೆಲವು ರೋಮನ್, ಕೆಲವು ವಿಸಿಗಾಥ್, ಮತ್ತೆ ಕೆಲವು ಕಾರ್ಡೋವಾ ಖಲೀಫರ ಕಾಲದವು. ಹಳೆಯ ಕಟ್ಟಡಗಳಿಂದ ತಂದು ಕೂಡಿಸಿದ ಇವು, ಕಟ್ಟಡವು ಖಲೀಫರ ಕಾಲಕ್ಕಿಂತ ಹಿಂದಿನದಲ್ಲವೆಂಬುದನ್ನು ಮಾತ್ರ ತಿಳಿಸಬಲ್ಲವು. ಎಷ್ಟು ಈಚಿನದೆಂಬುದನ್ನು ತಿಳಿಸಲಾರವು. ಕಾಲವನ್ನು ಹೇಳುವ ಶಾಸನವೂ ಇಲ್ಲಿಲ್ಲ. 1013ರಿಂದ 1090ರವರೆಗೆ ಗ್ರನಾಡಾವನ್ನಾಳಿದ ಜೀರಿ ವಂಶದವರಲ್ಲಿ ಬಾದೀಸನ ಆಳ್ವಿಕೆಗೆ, ಎಂದರೆ 11ನೆಯ ಶತಮಾನಕ್ಕೆ, ಇದನ್ನು ಸೇರಿಸುವುದು ರೂಢಿ. ಈಚಿನ ಕೆಲವು ವಿದ್ವಾಂಸರು 12ನೆಯ ಶತಮಾನಕ್ಕೋ ಅದಕ್ಕೂ ಈಚೆಗೋ ತರುತ್ತಾರೆ. ಬಾದೀಸನ ಹೆಸರನ್ನು ನಿಶ್ಚಿತವೆಂಬಂತೆ ಹೇಳುವುದು ನಮಗೆ ಸಮಂಜಸವಾಗಿ ತೋರುವುದಿಲ್ಲ. ಸ್ನಾನಗೃಹಗಳ ವಿನ್ಯಾಸವು ಶತಮಾನಗಳವರೆಗೆ ಹೆಚ್ಚು ಬದಲಾಗದೆ ನಡೆದುಬಂದಿರುವುದರಿಂದ, ಕೇವಲ ವಿನ್ಯಾಸವನ್ನು ನೋಡಿ ಒಬ್ಬ ಅರಸನ ಕಾಲವನ್ನು ಗುರುತಿಸುವುದು ದುಸ್ಸಾಧ್ಯ. ಗೋಡೆಯ ಗಾರೆಯನ್ನು ಪರೀಕ್ಷಿಸುವುದೇ ಇದಕ್ಕಿಂತ ನಂಬತಕ್ಕ ಮಾರ್ಗ.

ಇದು ಉಳಿದುಬಂದ ಬಗೆಯೂ ವಿಚಿತ್ರವಾದುದು. 1492ರಲ್ಲಿ ಗ್ರನಾಡಾ ಕ್ರೈಸ್ತ ದೊರೆಗಳ ವಶವಾಯಿತು. 1567ರಲ್ಲಿ ಸಾರಿದ ರಾಜಾಜ್ಞೆಯು ಮೊರಿಸ್ಕೋ ಜನರ ಸ್ನಾನಗೃಹಗಳನ್ನು ನಿಷೇಧಿಸಿತು. ಬಾನ್ಯುವೆಲೊ ಮಾತ್ರ ಬಟ್ಟೆ ಒಗೆಯುವ ಸ್ಥಳವಾಗಿ, ವಾಸದ ಮನೆಯೊಂದರ ಮರೆಯಲ್ಲಿ ಬದುಕಿಕೊಂಡಿತು. 1918ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಅನಂತರ, 1920ರ ದಶಕದ ಕೊನೆಯಲ್ಲಿ, ವಾಸ್ತುಶಿಲ್ಪಿ ಲಿಯೊಪೋಲ್ಡೊ ಟೊರ್ರೆಸ್ ಬಾಲ್ಬಾಸ್ ಇದನ್ನು ಜೀರ್ಣೋದ್ಧಾರ ಮಾಡಿದರು. ಆದುದರಿಂದ ಗಾರೆಯ ಪರೀಕ್ಷೆಯನ್ನು ಕೈಗೊಳ್ಳುವವರು ಮೂಲದ ಗೋಡೆ ಯಾವುದು, ಆಗಿನ ದುರಸ್ತಿ ಯಾವುದು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕಾಗುತ್ತದೆ.