ಮಹಾವೀರನೂ ನೆರೆಯ ಓಣಿಯೂ: ಗೋಕಾವಿ ಸೀಮೆಯಿಂದ ಒಂದು ನೋಟ

ಆಕಾಶದಲ್ಲಿ ಹಾರುವ, ಉಕ್ಕನ್ನು ಬಾಗಿಸುವ, ಗಗನಚುಂಬಿ ಗೋಡೆಗಳನ್ನು ಬರಿಗೈಯಿಂದ ಏರುವ ಅತಿಮಾನುಷ ನಾಯಕರ ಚಲಚ್ಚಿತ್ರಗಳನ್ನು ನೋಡುವಾಗ ನಮ್ಮ ದೃಷ್ಟಿಯು ಸ್ವಾಭಾವಿಕವಾಗಿಯೇ ಆ ನಾಯಕನಲ್ಲಿ ನೆಟ್ಟಿರುತ್ತದೆ; ಆದರೆ ಅವನು ಯಾರನ್ನು ಕಾಪಾಡಲು ಹೊರಟಿದ್ದಾನೆ, ಅವನ ಕಾಲಡಿಯ ಓಣಿಯಲ್ಲಿ ಯಾರ ಅಂಗಡಿಯಿದೆ, ಯಾವ ಮನೆಯವರು ಇನ್ನೂ ದೀಪವಾರಿಸದೆ ಯಾರ ದಾರಿಯನ್ನು ಕಾಯುತ್ತಿದ್ದಾರೆ ಎಂಬ ಪ್ರಶ್ನೆಗಳಿಗೆ ಚಿತ್ರವು ಯಾವ ಉತ್ತರವನ್ನು ಕೊಡುವುದೋ, ಆ ಉತ್ತರದ ಮೇಲೆಯೇ ಕಥೆಯ ಆಯುಷ್ಯವು ನಿಂತಿರುವುದು. ಬಲವನ್ನು ತೋರಿಸುವುದು ಸುಲಭ. ಆ ಬಲಕ್ಕೆ ಪಾತ್ರವಾದ ನೆರೆಹೊರೆಯನ್ನು ಸತ್ಯವಾಗಿ ತೋರಿಸುವುದು ಕಷ್ಟ.

ಅಮೆರಿಕೆಯ ಚಿತ್ರಕಥಾ ಪುಸ್ತಕಗಳಲ್ಲಿ ಹುಟ್ಟಿದ ಈ ನಾಯಕರಿಗೆ ಎರಡು ಬಗೆಯ ಊರುಗಳುಂಟು. 1938ರಲ್ಲಿ ಅವತರಿಸಿದ ಸೂಪರ್‌ಮ್ಯಾನನಿಗೆ ಮೆಟ್ರೊಪೊಲಿಸ್ ಎಂಬುದೂ, ಅವನ ಮರುವರ್ಷ ಬಂದ ಬ್ಯಾಟ್‌ಮ್ಯಾನನಿಗೆ ಗೋಥಮ್ ಎಂಬುದೂ ಕಲ್ಪಿತ ನಗರಗಳು. ಚಲಚ್ಚಿತ್ರಕ್ಕೆ ಮಾತ್ರ ಕಲ್ಪಿತ ನಗರವೊಂದರಲ್ಲಿ ಕ್ಯಾಮೆರಾ ನಿಲ್ಲಿಸಲು ಸಾಧ್ಯವಿಲ್ಲವಾದುದರಿಂದ, 1978ರ ಸೂಪರ್‌ಮ್ಯಾನ್ ಚಿತ್ರದಲ್ಲಿ ನ್ಯೂಯಾರ್ಕು ಮೆಟ್ರೊಪೊಲಿಸಿನ ವೇಷ ತೊಟ್ಟಿತು, 2008ರ ಬ್ಯಾಟ್‌ಮ್ಯಾನ್ ಚಿತ್ರದಲ್ಲಿ ಶಿಕಾಗೊ ಗೋಥಮಿನ ವೇಷ ತೊಟ್ಟಿತು. ಸ್ಪೈಡರ್‌ಮ್ಯಾನನ ಬಗೆ ಬೇರೆ. ಅವನು ನ್ಯೂಯಾರ್ಕಿನ ಕ್ವೀನ್ಸ್ ಎಂಬ ನಿಜವಾದ ಭಾಗದಲ್ಲಿ, ಫಾರೆಸ್ಟ್ ಹಿಲ್ಸ್ ಎಂಬ ನಿಜವಾದ ಬಡಾವಣೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಹುಡುಗ. ಬಾಡಿಗೆಯ ಚಿಂತೆ, ಕೆಲಸಕ್ಕೆ ತಡವಾಗುವ ಭಯ ಎರಡೂ ಅವನಿಗೆ ಗೊತ್ತು. 2004ರ ಎರಡನೆಯ ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ, ಓಡುವ ರೈಲನ್ನು ತಡೆದು ನಿಲ್ಲಿಸಿ ಮೂರ್ಛೆಹೋದ ಅವನನ್ನು ಪ್ರಯಾಣಿಕರು ತಲೆಯ ಮೇಲೆತ್ತಿ ಒಳಗೆ ಸಾಗಿಸುವ, ಮುಖವಾಡವಿಲ್ಲದ ಆ ಎಳೆಯ ಮುಖವನ್ನು ಕಂಡು ಬೆರಗಾಗುವ ಪ್ರಸಂಗವೊಂದುಂಟು. ನ್ಯೂಯಾರ್ಕಿನದೆಂದು ತೋರಿಸಿದ ಆ ಎತ್ತರದ ರೈಲುಮಾರ್ಗವು ವಸ್ತುತಃ ಶಿಕಾಗೊ ನಗರದ್ದು. ಆದರೂ ನೋಡಿದವರಿಗೆ ಅದು ಸುಳ್ಳೆನಿಸಲಿಲ್ಲ; ಏಕೆಂದರೆ ಆ ಡಬ್ಬಿಯಲ್ಲಿದ್ದ ಜನ, ದಿನದ ದುಡಿಮೆ ಮುಗಿಸಿ ಮನೆಗೆ ಹಿಂತಿರುಗುವ ದಣಿದ ಜನ, ಸತ್ಯವಾಗಿದ್ದರು. ಸ್ಥಳವನ್ನು ಬದಲಿಸಿದರೂ ಕಥೆ ತಡೆದುಕೊಳ್ಳುತ್ತದೆ, ಜನರನ್ನು ಬದಲಿಸಿದರೆ ತಡೆದುಕೊಳ್ಳದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಕಾಣದು.

ಹೀಗೆ ಮಹಾಬಲಶಾಲಿಯನ್ನು ನೆರೆಯ ಓಣಿಗೆ ಇಳಿಸಿ ತರುವ ಕಲೆಯು ಪಶ್ಚಿಮದವರ ಶೋಧವೆಂದು ಯಾರೂ ಭಾವಿಸಬೇಕಾಗಿಲ್ಲ. ಗೋಕಾವಿಯೆಂದೂ ಕರೆಯುವ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆಯಲ್ಲಿ, ಘಟಪ್ರಭೆಯ ಎರಡು ದಡಗಳಲ್ಲಿ, ಅದು ಬಹುಕಾಲದಿಂದ ಬೆಳೆದು ಪಕ್ವವಾಗಿದೆ.

ಮೊದಲು ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವನ್ನು ನೋಡೋಣ. ಅಪರಾಳ ತಮ್ಮಣ್ಣನ ಕೃತಿಯಾಗಿ ಹುಟ್ಟಿದ ಈ ಆಟವನ್ನು ರಂಗಕ್ಕೆ ಹದಗೊಳಿಸಿ ಜನಪ್ರಿಯಗೊಳಿಸಿದವನು, ಹಿಂದೆ ಗೋಕಾಕ ತಾಲೂಕಿಗೂ ಈಗ ಮೂಡಲಗಿ ತಾಲೂಕಿಗೂ ಸೇರಿದ ಕುಲಗೋಡದ ತಮ್ಮಣ್ಣ. ಹೆಣ್ಣಿನ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ತಾನೇ ಮೇಳ ಕಟ್ಟಿ, ಊರೂರು ತಿರುಗಿ, ಆಟಕ್ಕೆ ಹೊಸ ಪ್ರಾಣ ತುಂಬಿದವಳು ಅದೇ ಸೀಮೆಯ ಕೌಜಲಗಿ ನಿಂಗಮ್ಮ. ಕಥೆ ಎಲ್ಲರೂ ಬಲ್ಲದ್ದೆ. ನಾರದನು ದೇವಲೋಕದ ಪಾರಿಜಾತವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ, ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ. ಗೋವರ್ಧನವನ್ನು ಕಿರುಬೆರಳಲ್ಲಿ ಎತ್ತಿದ, ಕಂಸನನ್ನು ಕೆಡಹಿದ ಮಹಾವೀರನು ಇಲ್ಲಿ ಯಾವ ದೈತ್ಯನೊಡನೆಯೂ ಹೋರಾಡುವುದಿಲ್ಲ. ಸಿಟ್ಟಾದ ಹೆಂಡತಿಯನ್ನು ಸಮಾಧಾನಪಡಿಸುವುದೇ ಅವನ ಪಾಲಿಗೆ ಬಂದ ಅತಿಕಠಿನ ಕಾರ್ಯವಾಗುತ್ತದೆ.

ಈ ಆಟದ ದ್ವಾರಕೆಯು ಎಂತಹ ಊರು? ಅಲ್ಲಿ ರಾಜಬೀದಿಯ ಚಿತ್ರಪಟವಿಲ್ಲ, ಸ್ವರ್ಣಸೌಧಗಳಿಲ್ಲ. ಗುಡಿಯ ಮುಂದಿನ ಬಯಲು, ಹಾರ್ಮೋನಿಯಂ, ತಬಲಾ, ತಾಳ, ಸುತ್ತಲೂ ಚಾಪೆ ಕಂಬಳಿ ಹಾಸಿ ಕುಳಿತ ಜನ. ಇಷ್ಟರಲ್ಲಿಯೇ ದ್ವಾರಕೆ ನಿಲ್ಲಬೇಕು, ನಿಲ್ಲುತ್ತದೆ. ಹಾಲು ಮೊಸರು ಮಾರುವ ಗೊಲ್ಲತಿ ಬರುತ್ತಾಳೆ; ಅವಳು ಭಾಗವತನೊಡನೆ ಆಡುವ ಮಾತು, ಸಂತೆಯ ದಾರಿಯಲ್ಲಿ ಯಾವ ಹೆಣ್ಣುಮಗಳಾದರೂ ತನ್ನನ್ನು ಕೆಣಕಿದವನಿಗೆ ಕೊಡುವ ಉತ್ತರದಂತೆಯೇ ಚುರುಕು. ಮೇಳವನ್ನು ನಡೆಸುವ ಭಾಗವತನೇ ನಾಯಕಿಯ ದೂತಿಯೂ ಆಗಿ, ಅವಳ ಸಿಟ್ಟನ್ನು ಕೆದಕಿ, ಅವಳ ದುಃಖವನ್ನು ಕೇಳಿ, ನಡುನಡುವೆ ಕುಳಿತ ಜನರ ಕಡೆಗೂ ತಿರುಗಿ ಮಾತಾಡುತ್ತಾನೆ. ಹಾಡು ಕಟ್ಟಿದ್ದು, ಮಾತು ಮಾತ್ರ ಬಹುಮಟ್ಟಿಗೆ ಅಂದಿನ ರಾತ್ರಿಯದು, ಆ ಊರಿನದು. ಸತ್ಯಭಾಮೆಯು ‘ಯವ್ವಾ’ ಎಂದು ನಿಟ್ಟುಸಿರಿಟ್ಟಾಗ, ಸವತಿಯ ಮನೆಗೆ ಹೋದ ಗಂಡನ ವಿಷಯವನ್ನು ಎತ್ತಿ ಆಡಿದಾಗ, ಎದುರಿಗೆ ಕುಳಿತ ಹೆಣ್ಣುಮಕ್ಕಳಲ್ಲಿ ಒಬ್ಬರಿಗೊಬ್ಬರು ಮುಖ ನೋಡಿಕೊಳ್ಳದವರು ಕಡಿಮೆ.

ಕೊರವಂಜಿಯ ಪ್ರಸಂಗವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮುನಿದ ಭಾಮೆಯ ಬಳಿಗೆ ಕೃಷ್ಣನು ಕಣಿ ಹೇಳುವ ಕೊರವಂಜಿಯ ವೇಷದಲ್ಲಿ ಬರುತ್ತಾನೆ. ಬುಟ್ಟಿ ಹೊತ್ತು, ಕೋಲು ಹಿಡಿದು, ಮನೆಮನೆಯ ಬಾಗಿಲಲ್ಲಿ ನಿಂತು ಕೈ ನೋಡಿ ಭವಿಷ್ಯ ಹೇಳುವ ಆ ಹೆಂಗಸು ನಮ್ಮ ಓಣಿಗಳಿಗೆ ಅಪರಿಚಿತಳಲ್ಲ. ಅವಳ ನಡಿಗೆ, ಅವಳ ಕೂಗು, ಕಾಳು ಕೊಡುವತನಕ ಹೊಸಿಲು ಬಿಡದ ಅವಳ ಹಟ, ಎಲ್ಲವನ್ನೂ ಪ್ರೇಕ್ಷಕರು ಹಗಲಿನಲ್ಲಿ ಕಂಡು ಬಂದವರು. ಅತಿಮಾನುಷ ನಾಯಕರೆಲ್ಲರಿಗೂ ವೇಷಾಂತರವೆಂಬುದು ಇದ್ದೇ ಇದೆ. ಸೂಪರ್‌ಮ್ಯಾನನು ಪತ್ರಿಕಾ ಕಚೇರಿಯ ಅಂಜುಬುರುಕ ವರದಿಗಾರನಂತೆ ನಟಿಸುತ್ತಾನೆ. ಆದರೆ ಅಲ್ಲಿ ವೇಷವು ಬಲವನ್ನು ಬಚ್ಚಿಡಲು ಬಂದದ್ದು. ಪಾರಿಜಾತದಲ್ಲಿಯೋ, ಜಗತ್ತನ್ನು ಪಾಲಿಸುವವನು ಅದೇ ಜಗತ್ತಿನ ಅತ್ಯಂತ ಬಡ ಅಲೆಮಾರಿ ಹೆಣ್ಣಾಗಿ ಒಂದು ಮನೆಯ ಬಾಗಿಲಲ್ಲಿ ನಿಲ್ಲಬೇಕಾಯಿತು. ಅವನು ತನ್ನ ಹೆಂಡತಿಯ ನಿಜವಾದ ಮನಸ್ಸನ್ನು ಕೇಳಿದ್ದು ಆ ರೂಪದಲ್ಲಿಯೇ. ವೇಷಧಾರಣೆಗೆ ಇದಕ್ಕಿಂತ ಮಿಗಿಲಾದ ಅರ್ಥವನ್ನು ಯಾವ ನೂರು ಕೋಟಿಯ ಚಿತ್ರವೂ ನನಗೆ ಇದುವರೆಗೆ ಕೊಟ್ಟಿಲ್ಲ.

ಜೋಕುಮಾರನೂ ಇದೇ ಬಳಗದವನು. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ, ಮಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಬಳಿದು, ಅಂಬಿಗ ಮೊದಲಾದ ಮನೆತನಗಳ ಹೆಣ್ಣುಮಕ್ಕಳು ಓಣಿಯೋಣಿಯಲ್ಲಿ ಹಾಡುತ್ತ ಹೊತ್ತು ತಿರುಗುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ತಂದು ನೀಡುತ್ತಾರೆ. ಜನರ ನಂಬಿಕೆಯಲ್ಲಿ ಗಣಪತಿಯು ಕಡಬು ತಿಂದು ಹೋಗಿ ಭೂಲೋಕ ಸುಖವಾಗಿದೆಯೆಂದು ಶಿವನಿಗೆ ಹೇಳುತ್ತಾನೆ. ಹೊಲ ಕೇರಿಗಳನ್ನೆಲ್ಲ ಸುತ್ತಿದ ಜೋಕುಮಾರನು ಬೆಳೆ ಬಾಡಿದೆ, ಮಳೆ ಕೊಡು ಎಂದು ಬೇಡುತ್ತಾನೆ. ಅವನ ಆಯುಷ್ಯ ಏಳೇ ದಿನ. ಆ ಏಳು ದಿನವೂ ಅವನು ಓಣಿಯಲ್ಲಿದ್ದನಾದುದರಿಂದಲೇ ಅವನ ಮಾತಿಗೆ ಮಳೆ ಬರುತ್ತದೆಯೆಂದು ನಮ್ಮ ಹಿರಿಯರು ನಂಬಿದರು. ಇದೇ ಕಥೆಯ ಬಲದ ಮೇಲೆ ‘ಜೋಕುಮಾರಸ್ವಾಮಿ’ ನಾಟಕವನ್ನು ಬರೆದವರು ಚಂದ್ರಶೇಖರ ಕಂಬಾರರು.

ಕಂಬಾರರು 1937ರಲ್ಲಿ ಹುಟ್ಟಿದ್ದು ಹುಕ್ಕೇರಿ ತಾಲೂಕಿನ, ಘಟಪ್ರಭೆಯ ದಡದ ಘೋಡಗೇರಿಯಲ್ಲಿ, ಓದಿದ್ದು ಗೋಕಾಕದಲ್ಲಿ. ಅವರ ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರವೆಂಬ ಊರು ಯಾವ ಭೂಪಟದಲ್ಲಿಯೂ ಹೀಗೆಯೇ ಸಿಕ್ಕದು. ಆದರೆ ಅದರ ಹೊಳೆ, ಅದರ ಗೌಡಿಕೆ, ಅದರ ಹೆಣ್ಣುಗಳ ಸಿಡಿಮಿಡಿ, ಅದರ ದೇವತೆಯ ಮುನಿಸು, ಎಲ್ಲವೂ ಈ ಸೀಮೆಯವೆ. ನ್ಯೂಯಾರ್ಕಿಗೆ ಮೆಟ್ರೊಪೊಲಿಸ್ ಹೇಗೋ ಘೋಡಗೇರಿಯ ಸೀಮೆಗೆ ಶಿವಾಪುರ ಹಾಗೆ ಎಂದರೆ ಪೂರ್ತಿ ನ್ಯಾಯವಾಗದು. ಮೆಟ್ರೊಪೊಲಿಸಿನ ಜನ ನಾಯಕನು ಬಂದು ಕಾಪಾಡಲೆಂದು ಮೇಲೆ ನೋಡುತ್ತ ನಿಂತವರು, ಶಿವಾಪುರದ ಜನಕ್ಕೆ ತಮ್ಮದೇ ಆದ ಹಟ, ಆಸೆ, ಪಾಪಗಳುಂಟು. ಅವರ ‘ಕರಿಮಾಯಿ’ ಕಾದಂಬರಿಯಲ್ಲಿ ಊರಿನ ತಾಯಿಯೇ ಊರಿನ ರಕ್ಷಕಶಕ್ತಿ, ಪೇಟೆಯಿಂದ ಬಂದ ಹೊಸತನವು ಊರನ್ನು ಒಳಗಿನಿಂದ ಕೊರೆಯತೊಡಗಿದಾಗ, ದೇವತೆಯ ಬಲವೆಷ್ಟು, ಅವಳನ್ನು ನಂಬಿದ ಜನರ ಬಲವೆಷ್ಟು ಎಂಬುದೇ ಅಲ್ಲಿಯ ಪರೀಕ್ಷೆ. ಈ ಕಥೆಯನ್ನೂ ‘ಕಾಡುಕುದುರೆ’ಯನ್ನೂ ‘ಸಂಗೀತಾ’ವನ್ನೂ ಕಂಬಾರರು ತಾವೇ ಚಲಚ್ಚಿತ್ರವಾಗಿಸಿದರು, ಕಾಡುಕುದುರೆಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರು ರಾಷ್ಟ್ರಪ್ರಶಸ್ತಿ ಪಡೆದರು. ‘ಸಿಂಗಾರೆವ್ವ ಮತ್ತು ಅರಮನೆ’ಯನ್ನು ಟಿ. ಎಸ್. ನಾಗಾಭರಣರು ತೆರೆಗೆ ತಂದರು. ಗೋಕಾಕ ತಾಲೂಕಿನ ಮಳಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರಂತೂ ಅತಿಮಾನುಷವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳದೆ, ದುಡಿಯುವವರನ್ನೇ ಕಾದಂಬರಿಯ ನಡುಮನೆಗೆ ಕರೆತಂದರು.

ಇಷ್ಟು ಸಂಪತ್ತಿರುವ ಸೀಮೆಗೆ ಕ್ಯಾಮೆರಾ ಬಂದಾಗ ಅದು ಎಲ್ಲಿ ನಿಲ್ಲುತ್ತದೆ? ಬಹುಪಾಲು ಜಲಪಾತದ ಮುಂದೆ. ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಸುಮಾರು 52 ಮೀಟರ್ ಎತ್ತರದಿಂದ ಕುದುರೆಲಾಳದ ಆಕಾರದಲ್ಲಿ ಘಟಪ್ರಭೆ ಧುಮುಕುವ ಆ ದೃಶ್ಯ, ಅದರ ಮೇಲಿನ ತೂಗುಸೇತುವೆ, ಎರಡೂ ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ನೂಲಿನ ಗಿರಣಿ, ಪಾಳಿಯ ಹೊತ್ತಿಗೆ ಬುತ್ತಿ ಹಿಡಿದು ನಡೆದ ತಲೆಮಾರುಗಳು, ಹಗುರ ಕಟ್ಟಿಗೆಯಲ್ಲಿ ಹಣ್ಣು ಗೊಂಬೆಗಳನ್ನು ಕೆತ್ತಿ ಬಣ್ಣ ಬಳಿಯುವ ಮನೆಗಳು, ಕರದಂಟಿನ ಬೆಲ್ಲದ ಪಾಕ ಕುದಿಯುವ ಒಲೆಗಳು, ಹುಕ್ಕೇರಿಯ ಗುಮ್ಮಟಗಳ ನೆರಳಿನಲ್ಲಿ ಕುಳಿತ ಹಿರಿಯರು, 1969ರಿಂದ ತಾವೇ ಕಟ್ಟಿಕೊಂಡ ಸಹಕಾರ ಸಂಘದ ಮೂಲಕ ತಮ್ಮ ಹಳ್ಳಿಗಳಿಗೆ ವಿದ್ಯುತ್ತನ್ನು ಹಂಚಿಕೊಳ್ಳುತ್ತ ಬಂದ ಹುಕ್ಕೇರಿಯ ರೈತರು, ಇವರು ಯಾವ ಚೌಕಟ್ಟಿನಲ್ಲಿ ಕಾಣುತ್ತಾರೆ? ಜಲಪಾತಕ್ಕೆ ಬೆನ್ನು ಕೊಟ್ಟು ನಾಯಕನು ನಿಂತರೆ ಅದು ಚಿತ್ರಪಟ, ಊರಲ್ಲ.

1978ರ ಸೂಪರ್‌ಮ್ಯಾನ್ ಚಿತ್ರದ ಕೊನೆಯಲ್ಲಿ ಅಣೆಕಟ್ಟು ಒಡೆಯುತ್ತದೆ; ನಾಯಕನು ಬಂಡೆಗಳನ್ನು ಉರುಳಿಸಿ ಪ್ರವಾಹವನ್ನು ತಡೆಯುತ್ತಾನೆ. ಕೆಳಗಿನ ಹಳ್ಳಿಯಲ್ಲಿ ಯಾರಿದ್ದರೆಂಬುದು ನಮಗೆ ತಿಳಿಯುವುದೇ ಇಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿದಾಗ, ಲೋಳಸೂರ ಸೇತುವೆ ಮುಳುಗಿದಾಗ, ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಟ್ಟರೆಂಬ ಸುದ್ದಿಗೆ ಊರೆಲ್ಲ ಕಿವಿಯಾಗಿದ್ದಾಗ, ಇಲ್ಲಿಯ ಜನಕ್ಕೆ ಮುಖ್ಯವಾದದ್ದು ಬೇರೆ: ನೀರು ಯಾರ ಮನೆಯ ಎಷ್ಟನೆಯ ಮೆಟ್ಟಿಲಿಗೆ ಬಂತು, ಯಾವ ಓಣಿಯ ಮುದುಕಿಯನ್ನು ಯಾರು ಹೊತ್ತು ತಂದರು, ಯಾರ ಎಮ್ಮೆಯ ಹಗ್ಗವನ್ನು ಯಾರು ಬಿಚ್ಚಿದರು. ಪ್ರವಾಹದ ನಿಜವಾದ ಕಥನವೆಂದರೆ ಇದು. ಇಂಥ ವಿವರಗಳ ನಡುವೆ ಹಾರುವ ನಾಯಕನೊಬ್ಬನನ್ನು ತಂದರೂ ಜನ ನಂಬಿಯಾರು. ವಿವರಗಳನ್ನು ತೆಗೆದುಹಾಕಿದರೆ ನಾಯಕನೂ ಉಳಿಯನು.

ಹೀಗೆ ಮಾಡಿ ತೋರಿಸಿದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಮಹಾರಾಷ್ಟ್ರದ ಮಾಲೇಗಾಂವ್ ವಿದ್ಯುತ್‌ಮಗ್ಗಗಳ ಊರು. ಅಲ್ಲಿಯ ನಾಸಿರ್ ಶೇಖ್ ಎಂಬವರು ಮಗ್ಗದ ಕೆಲಸಗಾರನೊಬ್ಬನಿಗೆ ಸೂಪರ್‌ಮ್ಯಾನನ ಉಡುಪು ತೊಡಿಸಿ, ಸೈಕಲ್ಲು ಬಂಡಿಗಳ ಮೇಲೆ ಕ್ಯಾಮೆರಾ ಇಟ್ಟು, ತಮ್ಮದೇ ಊರಿನ ಬೀದಿಗಳಲ್ಲಿ ಚಿತ್ರ ತೆಗೆದರು. ಆ ಸಾಹಸವನ್ನು ಫೈಜಾ ಅಹಮದ್ ಖಾನ್ ಅವರು ಸಾಕ್ಷ್ಯಚಿತ್ರವಾಗಿಸಿ ಲೋಕಕ್ಕೆ ಪರಿಚಯಿಸಿದರು. 2021ರಲ್ಲಿ ಬೇಸಿಲ್ ಜೋಸೆಫ್ ನಿರ್ದೇಶಿಸಿದ ಮಲಯಾಳದ ‘ಮಿನ್ನಲ್ ಮುರಳಿ’ಯಲ್ಲಿ ಸಿಡಿಲು ಬಡಿದು ಅದ್ಭುತ ಶಕ್ತಿ ಪಡೆಯುವವನು ಒಬ್ಬ ಚಿಕ್ಕ ಊರಿನ ದರ್ಜಿ, ಅದೇ ರಾತ್ರಿ ಅದೇ ಶಕ್ತಿ ಪಡೆದು ಖಳನಾಗುವವನು ಚಹದಂಗಡಿಯಲ್ಲಿ ದುಡಿಯುವ, ಊರೆಲ್ಲ ಹುಚ್ಚನೆಂದು ದೂರವಿಟ್ಟ ಮನುಷ್ಯ. ಒಬ್ಬನನ್ನು ನಾಯಕನಾಗಿಸಿದ್ದೂ ಇನ್ನೊಬ್ಬನನ್ನು ಖಳನಾಗಿಸಿದ್ದೂ ಸಿಡಿಲಲ್ಲ, ನೆರೆಹೊರೆ ಎಂದು ಆ ಚಿತ್ರವು ಸ್ಪಷ್ಟವಾಗಿ ಹೇಳಿತು. ಈಚಿನ ಭಾರತೀಯ ಚಿತ್ರಗಳಲ್ಲಿ ಇದನ್ನು ನಾನು ಬಹಳ ಎತ್ತರದಲ್ಲಿಡುತ್ತೇನೆ.

ಕೈಯಲ್ಲಿರುವ ಮೊಬೈಲಿನಿಂದಲೇ ಚಿತ್ರ ತೆಗೆಯಬಲ್ಲ ತರುಣ ತರುಣಿಯರು ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ನಿಮ್ಮ ನಾಯಕನಿಗೆ ಎಂತಹ ಶಕ್ತಿಯನ್ನಾದರೂ ಕೊಡಿರಿ. ಆದರೆ ಚಿತ್ರಕ್ಕೆ ತೊಡಗುವ ಮುನ್ನ ಪಾರಿಜಾತದ ಮೇಳದಲ್ಲಿ ದುಡಿದ ಹಿರಿಯರನ್ನು ಕುಲಗೋಡ, ಕೌಜಲಗಿಯ ಕಡೆಗೆ ಹುಡುಕಿಕೊಂಡು ಹೋಗಿ, ಅವರು ಒಂದು ರಾತ್ರಿಯ ಆಟಕ್ಕೆ ಊರಿನ ಮಾತನ್ನು ಹೇಗೆ ಕೂಡಿಸಿಕೊಳ್ಳುತ್ತಿದ್ದರೆಂಬುದನ್ನು ಕೇಳಿ ಬರೆದುಕೊಳ್ಳಿರಿ, ಸಾಧ್ಯವಾದರೆ ಅವರ ಧ್ವನಿಯನ್ನೂ ಮುದ್ರಿಸಿಕೊಳ್ಳಿರಿ. ಆ ವಿದ್ಯೆಯನ್ನು ಬಲ್ಲವರ ಸಂಖ್ಯೆ ವರ್ಷ ವರ್ಷಕ್ಕೆ ಕುಗ್ಗುತ್ತಿದೆ.